ನನ್ನ ಮಗನ ಕೈ, ಅವಳ ಫೋನು

ನನ್ನ ಮಗ ಒದ್ದೆಯಾದ, ಅಂಟಂಟಾದ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಇದು ಬರೀ ಹಟವಲ್ಲ, ಬೇರೇನೋ ಎಂದು ನಮಗೆ ಹೊಳೆಯುವ ಹೊತ್ತಿಗೆ ಅವನಿಗೆ ಎರಡು ವರ್ಷ ತುಂಬಿತ್ತು. ಬಾಳೆಹಣ್ಣು ಬೆರಳಿಗೆ ಹತ್ತಿದರೆ ಆ ಕೈ ತನ್ನದೇ ಅಲ್ಲವೆಂಬಂತೆ ಮೈಯಿಂದ ದೂರ ಹಿಡಿದು, ಯಾರಾದರೂ ಬಂದು ಒರೆಸುವವರೆಗೆ ನಿಂತಲ್ಲೇ ನಡುಗುತ್ತಿದ್ದ. ಅನ್ನ ಸಾರು ಕಲಸಿದರೆ ಬಾಯಿ ಬಿಗಿದುಕೊಳ್ಳುತ್ತಿದ್ದ. ಖಡಕ್ ರೊಟ್ಟಿ, ಚುರುಮುರಿ, ಹಪ್ಪಳ, ಕಡಿದರೆ ಸದ್ದಾಗುವಂಥದ್ದಷ್ಟೇ ಅವನ ಊಟ. ಹುಬ್ಬಳ್ಳಿಯ ಬೈರಿದೇವರಕೊಪ್ಪದ ನಮ್ಮ ಓಣಿಯಲ್ಲಿ ಆಗ ಒಂದಲ್ಲ ಒಂದು ಸೈಟಿನಲ್ಲಿ ಮನೆ ಏಳುತ್ತಲೇ ಇತ್ತು. ಸುರಿದ ಉಸುಕಿನ ಗುಡ್ಡೆಯಲ್ಲಿ ಓಣಿಯ ಮಕ್ಕಳೆಲ್ಲ ಹೊರಳಾಡುತ್ತಿದ್ದರೆ ಇವನು ನನ್ನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ.

"ನಾಜೂಕ ಐತಿ ಕೂಸು. ನೀ ಕೆಳಗ ಬಿಡಂಗಿಲ್ಲ, ಅದಕ್ಕ ಹಿಂಗಾಗೇತಿ," ಎನ್ನುತ್ತಿದ್ದರು ನನ್ನ ಅತ್ತೆ.

ಆ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಅತ್ತೆ ಪಡಸಾಲೆಯಲ್ಲಿ ಕೂತು ಹಸಿ ಮಣ್ಣಿನಿಂದ ಎತ್ತು ಮಾಡುತ್ತಿದ್ದರು. ಅಂಗಡಿಯ ಎತ್ತು ಅವರಿಗೆ ಸೇರುತ್ತಿರಲಿಲ್ಲ. ಪ್ರೀತಿಯಿಂದಲೇ ಮೊಮ್ಮಗನನ್ನು ಕರೆದು, "ಹಿಡಿಯಪ್ಪಾ, ಇದಕ್ಕ ಕ್ವಾಡ ಹಚ್ಚು," ಎಂದು ಒಂದು ಉಂಡೆ ಮಣ್ಣನ್ನು ಅವನ ಅಂಗೈಯಲ್ಲಿಟ್ಟರು. ಅವನು ಕಿರುಚಲಿಲ್ಲ. ಕೈಯನ್ನೇ ನೋಡುತ್ತ ನಿಂತ, ನೋಡುತ್ತ ನೋಡುತ್ತ ವಾಂತಿ ಮಾಡಿಕೊಂಡ. ಪೂಜೆಗೆ ಮಾಡಿದ ಎತ್ತುಗಳ ಮೇಲೆಯೇ ಆಯಿತು. ಅತ್ತೆ ಆ ಎತ್ತುಗಳನ್ನು ಮೊರದಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಅದಾದ ವಾರಕ್ಕೆ ನಾನೂ ನನ್ನ ಗಂಡನೂ ಅವನನ್ನು ಧಾರವಾಡಕ್ಕೆ ಕರೆದುಕೊಂಡು ಹೋದೆವು. ಇಂಥ ಮಕ್ಕಳನ್ನು ನೋಡುವ ಒಬ್ಬ ಥೆರಪಿಸ್ಟ್ ಅಲ್ಲಿದ್ದಾರೆಂದು ಗಂಡನಿಗೆ ಫ್ಯಾಕ್ಟರಿಯಲ್ಲಿ ಯಾರೋ ಹೇಳಿದ್ದರು. ನನ್ನ ಗಂಡ ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಸೂಪರ್‌ವೈಸರ್. ಹೊರಡುವ ಮುಂಚೆ ಅವರೇ ಹೇಳಿದ್ದು: "ಅವ್ವಗ ಹೇಳೋದು ಬ್ಯಾಡ. ಸುಮ್ನ ಊರ ತುಂಬ ಆಗ್ತೈತಿ. ಸೂಜಿ ಮಾಡಿಸ್ಕೊಂಡ ಬರ್ತೇವಿ ಅನ್ನೂಣು." ನಾನು ಒಪ್ಪಿದೆ. ಅತ್ತೆಗೆ ಹೇಳಿದ ಮೊದಲ ಸುಳ್ಳು ಅದು, ನನ್ನ ಬಾಯಿಂದಲೇ ಹೋಯಿತು.

ಥೆರಪಿಸ್ಟ್ ಮೇಡಂ ಅರ್ಧ ಗಂಟೆ ಮಗನನ್ನು ಸುಮ್ಮನೆ ನೋಡಿದರು. ಭಯ ಬೀಳುವಂಥದ್ದೇನಿಲ್ಲ, ಇವನ ಚರ್ಮಕ್ಕೆ ಎಲ್ಲವೂ ನಮಗಿಂತ ಜೋರಾಗಿ ಕೇಳಿಸುತ್ತದೆ ಅಂದುಕೊಳ್ಳಿ ಎಂದರು. ಹದಿನೈದು ದಿನಕ್ಕೊಮ್ಮೆ ಬನ್ನಿ, ಉಳಿದ ಕೆಲಸ ಮನೆಯದೇ ಎಂದರು.

"ಆಟಿಗಿ ಸಾಮಾನೇನೂ ತರಬ್ಯಾಡ್ರಿ. ಅಡಿಗಿ ಮನ್ಯಾಗಿನ ರವಾ, ಅಕ್ಕಿ, ಹಿಟ್ಟು ಸಾಕು. ಮೊದಲ ಒಣಾದು, ಆಮ್ಯಾಲ ಸ್ವಲ್ಪ ಹಸಿ, ಕಡೀಕ ಅಂಟಿನದು. ಆದ್ರ ಒಂದು ನೆನಪಿಡ್ರಿ, ಅವನ ಕೈ ಹಿಡದು ನೀವು ಅದರಾಗ ಹಾಕಬ್ಯಾಡ್ರಿ. ಎಷ್ಟ ದಿನಾ ಹತ್ತಿದ್ರೂ ಹತ್ಲಿ. ಅಂವ ತಾನಾಗೇ ಬರಬೇಕು."

ನಾನು ತಲೆಯಾಡಿಸಿದೆ. ಅಷ್ಟು ಸುಲಭದ ಮಾತನ್ನು ಯಾರು ಮರೆಯುತ್ತಾರೆ ಎಂದುಕೊಂಡೆ.

ಅದೇ ದಿನಗಳಲ್ಲಿ ನಮ್ಮ ಮಹಡಿಯ ಮನೆಗೆ ಒಂದು ಸಂಸಾರ ಬಾಡಿಗೆಗೆ ಬಂತು. ಗಂಡ ವಾರದಲ್ಲಿ ನಾಲ್ಕು ದಿನ ಊರೂರು ತಿರುಗುವ ಕೆಲಸದವನು. ಹೆಂಡತಿ ನನಗಿಂತ ಐದಾರು ವರ್ಷ ಚಿಕ್ಕವಳು. ಮದುವೆಗೆ ಮುಂಚೆ ನರ್ಸರಿ ಶಾಲೆಯಲ್ಲಿ ಕಲಿಸುತ್ತಿದ್ದವಳು. ಅವಳಿಗೆ ನನ್ನ ಮಗನ ವಾರಿಗೆಯ ಒಬ್ಬ ಮಗಳು. ಆ ಹುಡುಗಿ ಯಾವ ಕೆಸರನ್ನೂ ಬಿಟ್ಟವಳಲ್ಲ. ಮೆಟ್ಟಿಲ ಮೇಲೆ ಚೆಲ್ಲಿದ ಹಾಲಿನಲ್ಲೂ ಅಂಗೈ ಬಡಿದು ನಗುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಮೆಟ್ಟಿಲಲ್ಲಿ ಕೂತು ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಮಣ್ಣೆತ್ತು, ವಾಂತಿ, ಧಾರವಾಡ, ಅತ್ತೆಗೆ ಹೇಳಿದ ಸುಳ್ಳು. ತವರಿನವರಿಗೂ ಹೇಳದಿದ್ದುದನ್ನು ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ನೀವು ಒಬ್ರ ಯಾಕ ತ್ರಾಸ ತಗೋತೀರಿ? ನಾಳಿಂದ ಇಬ್ರೂ ಕೂಡಿ ಮಾಡೂಣು. ನನ್ನ ಮಗಳನ್ನೂ ಕೂಡಸೂಣು. ಆಕಿನ್ನ ನೋಡಿ ಅಂವ ಕಲೀತಾನ."

ಅವತ್ತು ಎಷ್ಟು ಹಗುರಾಗಿದ್ದೆ ಎಂದು ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವಳಿಗೆ ಕೆಲಸ ಗೊತ್ತಿತ್ತು, ಅದನ್ನು ಇಲ್ಲವೆನ್ನಲಾರೆ. ನಾನು ತಣ್ಣೀರಲ್ಲಿ ಮೈದಾ ಕಲಸಿ ಗೋಂದು ಮಾಡಿಟ್ಟಿದ್ದೆ. ಅವಳು ಹಿಟ್ಟಿಗೆ ಅರ್ಧದಷ್ಟು ಉಪ್ಪು, ಒಂದು ಚಮಚ ಎಣ್ಣೆ, ಕುದಿಯುವ ನೀರು ಹಾಕಿ, ಬೆಚ್ಚಗಿರುವಾಗಲೇ ನಾದಿ ತೋರಿಸಿದಳು. ಕಿವಿಯ ಹಾಲೆಯಷ್ಟು ಮೆತ್ತಗೆ, ಬೆರಳಿಗೆ ಒಂದಿಷ್ಟೂ ಹತ್ತದ ಹಿಟ್ಟು. ಬೀಟ್‌ರೂಟ್ ಬೇಯಿಸಿದ ನೀರಲ್ಲಿ ಕೆಂಪು, ಅರಿಷಿಣದಲ್ಲಿ ಹಳದಿ, ಪಾಲಕ್ ಅರೆದು ಹಸಿರು. ಅಕ್ಕಿಗೆ ಬಣ್ಣ ಹಚ್ಚಿ ಮಾಳಿಗೆಯ ಮೇಲೆ ಪೇಪರ್ ಹಾಸಿ ಒಣಗಿಸಿದೆವು. ಪಾರಿವಾಳಗಳು ಹಳದಿ ಅಕ್ಕಿಯನ್ನು ಬಿಟ್ಟು ಕೆಂಪನ್ನಷ್ಟೇ ತಿಂದುಹೋದವು.

ಅತ್ತೆಗೆ ಇದು ಸರಿಬರಲಿಲ್ಲ. "ಉಣ್ಣೂ ಅನ್ನ ಆಟಕ್ಕ ಹಾಕ್ತೀರೇನವಾ? ಪಾಪ ಹತ್ತಂಗಿಲ್ಲೇನು?" ಎಂದರು. ಮರುದಿನ ಅವರೇ ಹುಳ ಹಿಡಿದ ಅಕ್ಕಿಯ ಡಬ್ಬಿ, ಹುಣಸೆ ಬೀಜದ ಗಂಟು, ಗೋದಿ ತೌಡು ತಂದು ನನ್ನ ಮುಂದಿಟ್ಟರು. "ಇವನ್ನ ತಗೋರಿ. ಛಲೋದನ್ನ ಮುಟ್ಟಬ್ಯಾಡ್ರಿ." ಯಾಕೆ, ಏನು ಎಂದು ಕೇಳಲಿಲ್ಲ. ಮಕ್ಕಳ ಆಟ ಎಂದುಕೊಂಡಿದ್ದರು. ಆಗಲಾದರೂ ಹೇಳಬಹುದಿತ್ತು. ನಾನು ಹೇಳಲಿಲ್ಲ.

ದಿನವೂ ಹನ್ನೊಂದು ಗಂಟೆಗೆ ಅಡುಗೆಮನೆಯ ನೆಲದ ಮೇಲೆ ದೊಡ್ಡ ಪರಾತ ಇಟ್ಟು ಇಬ್ಬರು ಮಕ್ಕಳನ್ನೂ ಕೂರಿಸುತ್ತಿದ್ದೆವು. ಹುಡುಗಿ ಮೊಣಕೈವರೆಗೆ ಇಳಿಯುತ್ತಿದ್ದಳು. ನನ್ನ ಮಗ ಎರಡು ಮಾರು ದೂರದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಿರಿಯರಂತೆ ನಿಂತು ನೋಡುತ್ತಿದ್ದ. ಐದನೆಯ ದಿನ ಕೂತ. ಒಂಬತ್ತನೆಯ ದಿನ ಚಮಚದಿಂದ ಅಕ್ಕಿ ಕೆದರಿದ. ಆಮೇಲೊಂದು ದಿನ ಹುರಿದ ರವೆಯಲ್ಲಿ ತೋರುಬೆರಳ ತುದಿ ಇಟ್ಟು, ತೆಗೆದು, ಮೂಸಿ ನೋಡಿ, ಮತ್ತೆ ಇಟ್ಟ. ಮಹಡಿಯವಳ ಕಣ್ಣಲ್ಲಿ ನೀರಿತ್ತು. ಆ ನೀರು ನಿಜದ್ದೇ ಎಂದು ಇವತ್ತಿಗೂ ನಂಬುತ್ತೇನೆ. ನಂಬದಿದ್ದರೆ ನನಗೆ ಏನೂ ಉಳಿಯುವುದಿಲ್ಲ.

ಫೋನು ಬಂದದ್ದು ಆಗಲೇ. "ಅಕ್ಕಾ, ಧಾರವಾಡದ ಮೇಡಂಗ ತೋರಸಾಕ ಒಂದೊಂದು ವಿಡಿಯೋ ತಗದಿಡೂಣು," ಎಂದು ಅವಳು ತನ್ನ ಫೋನನ್ನು ಬೇಳೆಯ ಡಬ್ಬಿಗೆ ಆನಿಸಿ ನಿಲ್ಲಿಸುತ್ತಿದ್ದಳು. ಎರಡು ಸಲ ನಾನು ಆ ವಿಡಿಯೋಗಳನ್ನು ಮೇಡಂಗೆ ತೋರಿಸಿದೆ. ಅವರಿಗೂ ಅನುಕೂಲವಾಯಿತು. ಆಮೇಲೆ ಆ ಫೋನು ಅಡುಗೆಮನೆಯ ಒಂದು ಪಾತ್ರೆಯಂತೆ ಆಗಿಹೋಯಿತು. ಅದು ಅಲ್ಲಿದೆ ಎನ್ನುವುದೇ ನೆನಪಿರುತ್ತಿರಲಿಲ್ಲ.

ಈಗ ಆ ಒಂದು ದಿನದ ಮಾತು ಹೇಳಲೇಬೇಕು. ಅವತ್ತು ಬೆಳಿಗ್ಗೆ ಮಗನನ್ನು ಹತ್ತಿರದ ಪ್ಲೇಸ್ಕೂಲಿಗೆ ಸೇರಿಸಲು ಕರೆದೊಯ್ದಿದ್ದೆ. ಅಲ್ಲಿ ಹೊಸ ಮಕ್ಕಳ ಅಂಗೈಗೆ ಬಣ್ಣ ಹಚ್ಚಿ ಗೋಡೆಯ ಮೇಲಿನ ಹಾಳೆಗೆ ಒತ್ತಿಸುವ ಪದ್ಧತಿ. ಟೀಚರ್ ಬ್ರಷ್ ಹಿಡಿದು ಬಂದದ್ದೇ ಇವನು ಬಾಗಿಲಿಗೆ ಓಡಿ ತಲೆ ಬಡಿದುಕೊಂಡ. "ಮುಂದಿನ ವರ್ಷ ನೋಡೂಣ್ರಿ," ಎಂದರು ಅವರು, ಮರ್ಯಾದೆಯಿಂದಲೇ. ಉಳಿದ ತಾಯಂದಿರು ನಮಗೆ ದಾರಿ ಬಿಟ್ಟು ನಿಂತರು. ಮನೆಗೆ ಬರುವವರೆಗೆ ಆ ದಾರಿ ಬಿಟ್ಟ ಪರಿಯೇ ಕಣ್ಣ ಮುಂದಿತ್ತು.

ಮನೆಯಲ್ಲಿ ಅವಳು ಕಾರ್ನ್‌ಫ್ಲೋರ್ ಕಲಸಿ ಕಾಯುತ್ತಿದ್ದಳು. ಅದೊಂದು ವಿಚಿತ್ರ ವಸ್ತು. ಗುದ್ದಿದರೆ ಕಲ್ಲು, ಸುಮ್ಮನೆ ಎತ್ತಿದರೆ ಬೆರಳ ಸಂದಿಯಿಂದ ಹಾಲಿನಂತೆ ಸೋರುತ್ತದೆ. ಹುಡುಗಿ ಕೇಕೆ ಹಾಕುತ್ತಿದ್ದಳು. ನನ್ನ ಮಗ ಹಿಂದೆ ಸರಿದ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ನನ್ನೊಳಗೆ ಏನೋ ಹರಿಯಿತು. ಅವನ ಮಣಿಕಟ್ಟು ಹಿಡಿದು ಎಳೆದು, ಅಂಗೈಯನ್ನು ಆ ಬಿಳಿ ರಾಡಿಯಲ್ಲಿ ಅದುಮಿದೆ.

"ಹಿಡಿ! ಹಿಡಿ ಅಂತೇನಿ! ಎಲ್ಲಾರ ಹುಡುಗ್ರೂ ಹಿಡೀತಾವ, ನಿನಗೇನ ಬಡದೈತಿ?"

ಅವನು ಕೂಗಿದ ಆ ಕೂಗು ನಾನು ಹಿಂದೆ ಕೇಳಿರಲಿಲ್ಲ. ಆದರೂ ಬಿಡಲಿಲ್ಲ. ಎಷ್ಟು ಹೊತ್ತು? ನನ್ನ ಲೆಕ್ಕದಲ್ಲಿ ಒಂದು ಕ್ಷಣ. ಅವಳೇ ಬಂದು ನನ್ನ ಬೆರಳುಗಳನ್ನು ಬಿಡಿಸಿದಳು, ಅವನನ್ನೆತ್ತಿ ಬಚ್ಚಲಿಗೆ ಒಯ್ದು ಬೆಚ್ಚನೆಯ ನೀರಲ್ಲಿ ಕೈ ತೊಳೆದಳು, ಟವೆಲಿನಲ್ಲಿ ಸುತ್ತಿ ಕೂರಿಸಿದಳು. ಆಮೇಲೆ ನನ್ನ ಬಳಿ ಬಂದು ಕೂತು ನನ್ನನ್ನು ತಬ್ಬಿಕೊಂಡಳು. ನಾನು ಅವಳ ಹೆಗಲ ಮೇಲೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಆಗಷ್ಟೇ ಗುಡಿಯಿಂದ ಬಂದು ಪಕ್ಕದ ಕೋಣೆ ಸೇರಿದ್ದ ಅತ್ತೆಗೆ ಕೇಳಬಾರದೆಂದು.

"ಮನ್ಯಾಗ ಯಾರಿಗೂ ಹೇಳಬ್ಯಾಡ," ಎಂದೆ.

"ಹುಚ್ಚಿ ಇದೀರೇನ್ ಅಕ್ಕಾ? ಯಾವ ತಾಯಿ ಒಂದಿನಾ ಸೋತಿಲ್ಲ? ಇದು ನಿಮಗ ನನಗ ಇಬ್ರಿಗೇ."

ಆ ಮಾತಿನ ಮೇಲೆ ನಾನು ಎರಡು ತಿಂಗಳು ಬದುಕಿದೆ. ಮಗ ಒಂದು ವಾರ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಮತ್ತೆ ಚಮಚ, ಮತ್ತೆ ತೋರುಬೆರಳು, ಎಲ್ಲ ಮೊದಲಿನಿಂದ. ಅವಳು ಒಂದು ದಿನವೂ ತಪ್ಪಿಸಲಿಲ್ಲ. ನೆನೆಸಿದ ಕಾಮಕಸ್ತೂರಿ ಬೀಜದ ಬಟ್ಟಲಲ್ಲಿ ಅವನು ಕೊನೆಗೂ ನಾಲ್ಕು ಬೆರಳಿಟ್ಟದ್ದು ಅವಳ ತೊಡೆಯ ಮೇಲೆ ಕೂತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ದೊಡ್ಡದು ಅವಳ ಋಣ ಎಂದುಕೊಂಡೆ.

ಕಮರಿಪೇಟೆಯಲ್ಲಿ ಗಂಡನ ಕಡೆಯವರ ಮನೆಯಲ್ಲಿ ಕುಬಸ ಇತ್ತು. ಏಳು ತಿಂಗಳ ಬಸುರಿ ಹುಡುಗಿ ಹಸಿರು ಸೀರೆ, ಹಸಿರು ಬಳೆ ತೊಟ್ಟು ಕೂತಿದ್ದಳು. ಆರತಿ ಮುಗಿದು, ಊಟಕ್ಕೆ ಇನ್ನೂ ಹೊತ್ತಿತ್ತು. ನಾವು ಹತ್ತು ಹನ್ನೆರಡು ಹೆಂಗಸರು ಚಾಪೆಯ ಮೇಲೆ ಅವಳ ಸುತ್ತ ಕೂತಿದ್ದೆವು. ಅತ್ತೆ ನನ್ನ ಬಲಕ್ಕಿದ್ದರು. ಮಗ ನನ್ನ ಮಡಿಲಲ್ಲಿ ಹಪ್ಪಳ ಕಡಿಯುತ್ತಿದ್ದ. ಮಾತು ಮಕ್ಕಳನ್ನು ಬೆಳೆಸುವುದರ ಕಡೆ ಹೊರಳಿತು. ಬಸುರಿ ತನ್ನ ಫೋನ್ ತೆಗೆದು, "ಇಕಿ ಭಾಳ ಛಲೋ ಹೇಳ್ತಾಳ್ರಿ, ನಮ್ಮ ಹುಬ್ಬಳ್ಳಿಯಾಕೀನ ಅಂತ," ಎಂದು ಒಂದು ವಿಡಿಯೋ ಹಚ್ಚಿ ಪಕ್ಕದವರಿಗೆ ಕೊಟ್ಟಳು.

ಮೊದಲು ಕೇಳಿದ್ದು ದನಿ. ನಮ್ಮ ಮಹಡಿಯವಳದೇ, ಆದರೆ ನಾನು ಕೇಳಿರದ ಕನ್ನಡ, ರೇಡಿಯೋದವರ ಹಾಗೆ: "ತಾಯಂದಿರೇ, ದಯವಿಟ್ಟು ಈ ತಪ್ಪು ಮಾಡಬೇಡಿ." ಆಮೇಲೆ ನನ್ನ ಮಗನ ಕೂಗು. ಆಮೇಲೆ ನನ್ನ ದನಿ. ಹಿಡಿ. ಹಿಡಿ ಅಂತೇನಿ.

ಫೋನು ಕೈಯಿಂದ ಕೈಗೆ ದಾಟುತ್ತ ಬರುತ್ತಿತ್ತು. "ಅಯ್ಯ, ಎಂಥಾ ತಾಯಿ ಇರಬೇಕಿಕಿ!" ಎಂದರು ಒಬ್ಬರು. "ಹೆತ್ತ ಕೈ ಅವು?" ಎಂದರು ಇನ್ನೊಬ್ಬರು. ನಾನು ಅಲ್ಲೇ ಕೂತಿದ್ದೆ. ಎದ್ದು ಹೋಗಲು ಮಡಿಲಲ್ಲಿ ಮಗ ಇದ್ದ. ಫೋನು ಅತ್ತೆಯ ಕೈಗೆ ಬಂತು, ನಾನೂ ನೋಡಿದೆ. ನನ್ನ ಮುಖ ಇರಲಿಲ್ಲ, ಕುತ್ತಿಗೆಯಿಂದ ಕೆಳಗಷ್ಟೇ. ನನ್ನ ಬಳೆ. ನಮ್ಮ ಪರಾತ. ಮಗನ ಮುಖಕ್ಕೆ ಒಂದು ಹಳದಿ ಹೂವಿನ ಚಿತ್ರ ಅಂಟಿಸಿದ್ದಳು. ಅವನು ತಲೆ ಹೊರಳಿಸಿದಾಗಲೆಲ್ಲ ಹೂವು ಒಂದು ಗಳಿಗೆ ತಡವಾಗಿ ಹಿಂಬಾಲಿಸುತ್ತಿತ್ತು, ಆ ಗಳಿಗೆಯಲ್ಲಿ ಅವನು ಕಾಣುತ್ತಿದ್ದ. ನಂತರದ ಭಾಗದಲ್ಲಿ ಅವಳು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೆಲ್ಲಗೆ ಬಟ್ಟಲು ತೋರಿಸುತ್ತಿದ್ದಳು. "ಧಾರವಾಡದಲ್ಲಿ ಥೆರಪಿ ಪಡೆಯುತ್ತಿರುವ ಮಗು ಇದು. ಹೀಗೆ ಮಾಡಿ ನೋಡಿ. ಪ್ರೀತಿಯಿಂದ." ನನ್ನ ಅಡುಗೆಮನೆಯಲ್ಲಿ, ನಾನು ನೆನೆಸಿಟ್ಟ ಬೀಜದಲ್ಲಿ.

ಮಗ ತನ್ನದೇ ಕೂಗು ಕೇಳಿ ಹಪ್ಪಳ ಕೆಳಗಿಟ್ಟ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಬಸುರಿ ಹುಡುಗಿಗೆ ಆಗ ಹೊಳೆಯಿತೆಂದು ಕಾಣುತ್ತದೆ. ನನ್ನ ಬಳೆಯನ್ನೂ ಫೋನನ್ನೂ ನೋಡಿದಳು. ಉಳಿದವರೂ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಅತ್ತೆ ಫೋನನ್ನು ಚಾಪೆಯ ಮೇಲೆ ಬೋರಲಾಗಿ ಇಟ್ಟು, "ಊಟಕ್ಕ ಎಲಿ ಹಾಕ್ರಿ, ಹೊತ್ತಾತು," ಎಂದರು. ಅಷ್ಟು ಹೇಳಿ ನನ್ನ ಮಗನನ್ನು ನನ್ನ ಮಡಿಲಿಂದ ಎತ್ತಿಕೊಂಡರು. ನನಗೆ ಅದು ಕರುಣೆಯೋ ಶಿಕ್ಷೆಯೋ ತಿಳಿಯಲಿಲ್ಲ.

ಮನೆಗೆ ಬರುವ ಆಟೋದಲ್ಲಿ ಅತ್ತೆ ಕೇಳಿದರು. "ಖರೇನ ನೀ ಹಿಂಗ ಮಾಡೀದೇನವಾ?"

"ಖರೇ ಅತ್ತಿ. ಒಂದು ದಿನ."

"ಧಾರವಾಡಕ್ಕ ಹೋಗಿದ್ದು ಸೂಜಿಗಲ್ಲ?"

"ಅಲ್ಲ."

ಅವರು ರಸ್ತೆಯ ಕಡೆ ಮುಖ ತಿರುಗಿಸಿದರು. "ನಾನೇನ ಹೊರಗಿನಾಕಿ? ಮ್ಯಾಲಿನ ಮನಿಯಾಕಿಗೆ ಹೇಳೀದಿ, ನನಗ ಹೇಳ್ಲಿಲ್ಲ," ಎಂದರು. ಮೋಸಹೋದವಳು ನಾನೊಬ್ಬಳೇ ಎಂದು ಕುದಿಯುತ್ತಿದ್ದೆ, ಅಲ್ಲಿಯವರೆಗೆ.

ಸಂಜೆ ಗಂಡ ಶಿಫ್ಟ್ ಮುಗಿಸಿ ಬಂದರು. ನಾನು ವಿಡಿಯೋದ ಮಾತು ಎತ್ತಿದ್ದೇ ತಡ, ಅವರು ಬೂಟಿನ ಲೇಸು ಬಿಚ್ಚುವುದನ್ನು ನಿಲ್ಲಿಸಿದರು. ಆಶ್ಚರ್ಯಪಡಬೇಕಾದ ಮುಖ ಆಶ್ಚರ್ಯಪಡಲಿಲ್ಲ.

"ನಿಮಗ ಗೊತ್ತಿತ್ತು," ಎಂದೆ.

"ಹದಿನೈದು ದಿನಾ ಆತು. ಕ್ಯಾಂಟೀನಿನ್ಯಾಗ ಯಾರೋ ನೋಡಾಕತ್ತಿದ್ರು. ನಿನ್ನ ದನಿ ಕೇಳಿಸ್ತು."

"ನನಗ ಯಾಕ ಹೇಳ್ಲಿಲ್ಲ?"

"ನಿನಗ ತ್ರಾಸ ಆಗ್ತೈತಿ ಅಂತ. ಆಕಿಗೆ ಹೇಳೇನಿ, ತಗೀತೇನ್ರಿ ಅಣ್ಣಾರ ಅಂದ್ಲು."

"ಹದಿನೈದು ದಿನಾ ನಾ ಆಕಿ ಕೂಡ ಕುಂತು ಹಿಟ್ಟು ನಾದೇನಿ. ಆಕಿಗೆ ಚಾ ಮಾಡಿ ಕೊಟ್ಟೇನಿ. ನೀವು ನೋಡ್ಕೊಂತ ಇದ್ರಿ."

ಅವರು ಮತ್ತೆ ಬೂಟಿನ ಲೇಸಿಗೆ ಬಗ್ಗಿದರು. ನನ್ನ ನೋವನ್ನು ತಪ್ಪಿಸಲು ಎಂದು ಅವರು ಹೇಳಿದ್ದನ್ನು ನಾನು ಆಗಲೂ ನಂಬಲಿಲ್ಲ, ಈಗಲೂ ಪೂರ್ತಿ ನಂಬಿಲ್ಲ. ನೋವನ್ನಲ್ಲ, ಗದ್ದಲವನ್ನು ತಪ್ಪಿಸಿದರು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಹನ್ನೊಂದಕ್ಕೆ ಮಗಳ ಕೈಹಿಡಿದು ಇಳಿದು ಬಂದಳು. ಇನ್ನೊಂದು ಕೈಯಲ್ಲಿ ನೆನೆಸಿದ ಸಾಬೂದಾಣಿಯ ಬಟ್ಟಲು. ನಾನು ಮೆಟ್ಟಿಲ ಬುಡದಲ್ಲೇ ತಡೆದೆ. ನನ್ನ ಮುಖ ನೋಡಿದ್ದೇ ಅವಳಿಗೆ ತಿಳಿಯಿತು.

"ಅಕ್ಕಾ, ನಿಮ್ಮ ಹೆಸರು ಎಲ್ಲೂ ಹಾಕಿಲ್ಲರಿ. ಮುಖಾನೂ ತೋರ್ಸಿಲ್ಲ. ತಮ್ಮನ ಮುಖಕ್ಕ ಹೂವು ಹಾಕೇನಿ."

"ಮೇಡಂಗ ತೋರಸಾಕ ಅಂದಿದ್ದಿ."

"ಮೊದಲ ಹಂಗ ಇತ್ರಿ. ಆಮ್ಯಾಲ ಅನಸ್ತು, ಎಷ್ಟ ತಾಯಂದ್ರು ಹಿಂಗ ಮಾಡ್ತಿರ್ತಾರ, ಅವರಿಗೂ ಗೊತ್ತಾಗ್ಲಿ ಅಂತ. ಇಲ್ಲೆ ನೋಡ್ರಿ, ಏನೇನ ಬರದಾರ. 'ನಾನೂ ನನ್ನ ಮಗಳಿಗೆ ಹಿಂಗ ಮಾಡ್ತಿದ್ದೆ, ಇನ್ನ ಮಾಡಂಗಿಲ್ಲ' ಅಂತ. ನಿಮ್ಮಿಂದ ಎಷ್ಟ ಕೂಸುಗೋಳಿಗೆ ಛಲೋ ಆತು, ಅಕ್ಕಾ."

ಮಗಳ ಕೈ ಬಿಟ್ಟು ಫೋನನ್ನು ನನ್ನ ಕಡೆ ಹಿಡಿದಿದ್ದಳು. ಅವಳ ಮುಖದಲ್ಲಿ ಕಪಟವಿರಲಿಲ್ಲ, ಅದೇ ಕಷ್ಟವಾದದ್ದು. ಅವಳು ನಿಜಕ್ಕೂ ನನಗೆ ಒಂದು ಒಳ್ಳೆಯ ಸುದ್ದಿ ಹೇಳುತ್ತಿದ್ದಳು.

ನನಗೆ ಒಂದೇ ಒಂದು ತಿಳಿಯಬೇಕಿತ್ತು. "ಅವತ್ತ ನೀ ನನ್ನ ತೆಕ್ಕಿ ಬಡದು ಕುಂತಾಗ, ಇದು ನಿಮಗ ನನಗ ಇಬ್ರಿಗೇ ಅಂದಾಗ, ಫೋನ್ ಚಾಲೂ ಇತ್ತೇನು?"

ಅವಳು ಫೋನನ್ನು ಕೆಳಗಿಳಿಸಿದಳು. "ಬಂದ್ ಮಾಡೂದು ಮರತಿದ್ದೆ," ಎಂದಳು. "ಆ ಭಾಗ ಹಾಕಿಲ್ಲರಿ. ಕತ್ತರಿಸೇನಿ."

ಕತ್ತರಿಸೇನಿ. ಅಂದರೆ ಅದನ್ನು ಕೂತು ನೋಡಿದ್ದಾಳೆ. ನಾನು ಅಳುವುದನ್ನು, ಬೇಡಿಕೊಳ್ಳುವುದನ್ನು, ತಾನು ಮಾತು ಕೊಡುವುದನ್ನು ಮತ್ತೆ ನೋಡಿ, ಎಲ್ಲಿಂದ ಎಲ್ಲಿಗೆ ಬೇಕು ಎಂದು ಗುರುತು ಮಾಡಿ, ಉಳಿದದ್ದನ್ನು ಬಿಟ್ಟಿದ್ದಾಳೆ. ನನ್ನ ಮುಂದೆಯೇ ಆ ವಿಡಿಯೋ ಅಳಿಸಿದಳು. "ಆತಲ್ರಿ?" ಎಂದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊರಗೆ ಅವಳ ಮಗಳು ನನ್ನ ಮಗನನ್ನು ಕೂಗುತ್ತಿದ್ದಳು. ಇವನು ಒಳಗಿನಿಂದ ಬಾಗಿಲು ಬಡಿಯುತ್ತಿದ್ದ.

ಅಳಿಸಿದ ವಿಡಿಯೋ ಅಳಿಯಲಿಲ್ಲ. ಯಾರ್ಯಾರೋ ತಮ್ಮ ಫೋನಿಗೆ ಇಳಿಸಿಕೊಂಡಿದ್ದರು. ಮುಂದೆ ಎಷ್ಟೋ ದಿನ ತರಕಾರಿ ಗಾಡಿಯ ಬಳಿ, ಬಸ್ ಸ್ಟಾಪಿನಲ್ಲಿ ಯಾರಾದರೂ ನನ್ನ ಬಳೆಯ ಕಡೆ ನೋಡಿದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದೆ.

ಧಾರವಾಡದ ಮೇಡಂ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. "ನೀವು ಮಾಡಿದ್ದು ತಪ್ಪು. ಆಕಿ ಮಾಡಿದ್ದೂ ತಪ್ಪು. ಆಕಿದು ದೊಡ್ಡದು ಅಂತ ನಿಮ್ಮದು ಸಣ್ಣದಾಗಂಗಿಲ್ಲ," ಎಂದರು. ಆ ದಿನ ನನಗೆ ಅವರ ಮೇಲೂ ಸಿಟ್ಟು ಬಂತು. ಯಾರಾದರೂ ಒಬ್ಬರು ಬರೀ ನನ್ನ ಕಡೆ ಇರಲಿ ಎಂದು ಆಸೆಪಟ್ಟಿದ್ದೆ.

ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದರು. ಆದರೆ ಆಟ ನಿಲ್ಲಲು ಬಿಡಲಿಲ್ಲ. ರೊಟ್ಟಿ ಬಡಿಯುವಾಗ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಮುಂದೆ ಒಂದು ಹಿಡಿ ಒಣ ಜೋಳದ ಹಿಟ್ಟು ಹಾಕಿ, ಅವನ ಕಡೆ ನೋಡದೆ ತಮ್ಮ ಪಾಡಿಗೆ ಬಡಿಯುತ್ತಿದ್ದರು. ನೋಡದೆ ಇರುವುದೇ ಅವನಿಗೆ ಬೇಕಿತ್ತೇನೋ. ವಾರದೊಳಗೆ ಅವನ ಅಂಗೈ ಹಿಟ್ಟಿನ ಮೇಲೆ ಬಿತ್ತು. ನಾನು ಬಾಗಿಲಲ್ಲಿ ನಿಂತು ಕಂಡೆ. ಹತ್ತಿರ ಹೋಗಲಿಲ್ಲ.

ಮೇಲಿನ ಹುಡುಗಿ ದಿನವೂ ಮೆಟ್ಟಿಲಿಳಿದು ಮುಚ್ಚಿದ ಬಾಗಿಲ ಮುಂದೆ ಕೂರುತ್ತಿದ್ದಳು. ಒಂದು ದಿನ ಅತ್ತೆ, ತಿಂಗಳ ನಂತರ ಮೊದಲ ಬಾರಿ, ನನ್ನ ಕಡೆ ತಿರುಗಿ ಮಾತಾಡಿದರು. "ಕೂಸು ಏನ ಮಾಡೇತಿ? ಬಾಗ್ಲಾ ತಗಿ." ತೆಗೆದೆ. ಹುಡುಗಿ ಒಳಗೆ ಬಂದು ಏನೂ ಆಗಿಲ್ಲವೆಂಬಂತೆ ಹಿಟ್ಟಿನ ಮುಂದೆ ಕೂತಳು. ನನ್ನ ಮಗ ತನ್ನ ಪಾಲಿನ ಹಿಟ್ಟನ್ನು ಅವಳ ಕಡೆ ತಳ್ಳಿದ. ಆ ಮಗುವನ್ನು ನೋಡಿದಾಗಲೆಲ್ಲ ಅವಳ ತಾಯಿಯ ಕಣ್ಣು ಕಾಣುತ್ತದೆ. ಆದರೂ ತಲೆ ಬಾಚುತ್ತೇನೆ, ಊಟ ಹಾಕುತ್ತೇನೆ.

ಆ ತಾಯಿ ಈಗಲೂ ಮೇಲೆಯೇ ಇದ್ದಾಳೆ. ನಮ್ಮ ನಡುವೆ "ನೀರು ಬಂತ್ರಿ," "ಮೋಟರ್ ಬಂದ್ ಮಾಡ್ರಿ" ಇಷ್ಟೇ ಮಾತು. ಅವಳು ನನ್ನ ಬಳಿ ಕ್ಷಮೆ ಕೇಳಲಿಲ್ಲ. ಒಮ್ಮೆ ಮಾಳಿಗೆಯ ಮೇಲೆ ಬಟ್ಟೆ ಹಾಕುವಾಗ, "ನೀವು ಇಷ್ಟ ಮನಸಿಗೆ ಹಚ್ಕೋತೀರಿ ಅಂತ ಗೊತ್ತಿರಲಿಲ್ಲ," ಎಂದಳು. ಅದು ಕ್ಷಮೆ ಎಂದು ಅವಳು ತಿಳಿದಿರಬೇಕು. ಮಹಡಿಯ ಮನೆಯಲ್ಲಿ ಈಗ ಬೇರೆ ತಾಯಂದಿರು, ಬೇರೆ ಮಕ್ಕಳು ಬರುತ್ತಾರೆ. ಅವಳ ಕೈಗುಣದಿಂದ ಎಷ್ಟೋ ಮಕ್ಕಳಿಗೆ ಉಪಯೋಗವಾಗಿದೆ ಎಂದು ಕೇಳಿದ್ದೇನೆ. ಸುಳ್ಳಿರಲಾರದು.

ಹೋದ ತಿಂಗಳು ಓಣಿಯ ಕೊನೆಯ ಮನೆಯ ಹೊಸ ಸೊಸೆ ಮಗುವನ್ನೆತ್ತಿಕೊಂಡು ನಮ್ಮ ಗೇಟಿಗೆ ಬಂದಳು. ಮಗುವಿನ ಎರಡೂ ಮುಷ್ಟಿ ಬಿಗಿದಿದ್ದವು. ಆ ಮುಷ್ಟಿಗಳನ್ನು ನೋಡಿದ್ದೇ ನನಗೆ ತಿಳಿಯಿತು.

"ಅಕ್ಕಾರ, ಮ್ಯಾಲಿನವರು ಇಂಥಾ ಕೂಸುಗೋಳಿಗೆ ಭಾಳ ಛಲೋ ಮಾಡ್ತಾರಂತ. ನೀವೂ ಮೊದಲ ಹೋಗ್ತಿದ್ರಂತ. ಕರಕೊಂಡ ಹೋಗ್ಲ್ಯಾ?"

ಮೇಲೆ ಕಿಟಕಿ ತೆರೆದಿತ್ತು. ಮಕ್ಕಳ ನಗು ಕೇಳುತ್ತಿತ್ತು.

"ಆಕಿಗೆ ಕೆಲಸ ಗೊತ್ತೈತಿ. ಹೋಗವಾ," ಎಂದೆ. ಅವಳು ಎರಡು ಮೆಟ್ಟಿಲು ಹತ್ತಿದ ಮೇಲೆ ತಡೆಯಲಾಗದೆ ಕರೆದೆ. "ನಿಮ್ಮ ಅತ್ತಿಗೆ ಹೇಳಿ ಬಂದೀಯೇನು?"

ಅವಳು ನೆಲ ನೋಡಿದಳು. ಹೇಳಿರಲಿಲ್ಲ.

"ಮೊದಲ ಅವರಿಗೆ ಹೇಳು. ಆಮ್ಯಾಲ ಹತ್ತು. ಮತ್ತ, ಆಕಿ ಫೋನ್ ತಗದ್ರ, ಅದನ್ನ ಬೋರಲ ಹಾಕ್ಸು."

ಅವಳಿಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ಮೆಟ್ಟಿಲಿಳಿದು, ತನ್ನ ಮನೆಯ ಕಡೆ ನಡೆದಳು.